ಕೆಂಗುರಿಹಟ್ಟಿ ಶಾಲೆಯ ಗುಂಡಿ ಪ್ರಕರಣ

ಕೆಂಗುರಿಹಟ್ಟಿ, ಹಿರಿಯೂರು ತಾಲ್ಲೂಕು
7 ಜುಲೈ 2025

ಪೂಜ್ಯ ತಿಪ್ಪೇರುದ್ರಪ್ಪ ಮೇಷ್ಟ್ರಿಗೆ, ಹೊಳಲ್ಕೆರೆಯಲ್ಲಿ ನಿಮ್ಮ ಬೆತ್ತದ ರುಚಿ ಕಂಡ ಜಯಶೀಲಾ ಮಾಡುವ ನಮಸ್ಕಾರಗಳು.

ಈ ಮೂಲಕ ನಾಡಿನ ಸಮಸ್ತ ಜನತೆಗೆ, ನೆರೆ ರಾಜ್ಯದವರಿಗೆ, ಬಿಡುವಿದ್ದರೆ ವಿಶ್ವಸಂಸ್ಥೆಯವರಿಗೂ ತಿಳಿಯಪಡಿಸುವುದೇನೆಂದರೆ, ಕೆಂಗುರಿಹಟ್ಟಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಒಂದೇ ಒಂದು ಕೋಣೆಯಲ್ಲಿ, ಕಪ್ಪುಹಲಗೆಯಿಂದ ಹತ್ತು ಅಡಿ ದೂರದಲ್ಲಿ, ಕಳೆದ ಶನಿವಾರ ಬೆಳಿಗ್ಗೆ ಹನ್ನೊಂದೂಕಾಲು ಗಂಟೆಗೆ ಒಂದು ಗುಂಡಿ ಜನ್ಮ ತಳೆದಿದೆ. ಗುಂಡಿಯೂ ತಾಯಿಯೂ ಕ್ಷೇಮ. ತಾಯಿ ನಾನೇ.

ಫೋನ್ ಮಾಡಿ ಹೇಳೋಣವೆಂದರೆ ನಿಮ್ಮ ಕಿವಿ ಫೋನಿನ ಜೊತೆ ಮಾತು ಬಿಟ್ಟು ಎರಡು ವರ್ಷವಾಯಿತು. ಮೆಸೇಜು ಓದಲು ಕನ್ನಡಕ ಸಾಲದು ಎನ್ನುತ್ತೀರಿ. ಹಾಗಾಗಿ ಅಂಚೆಯೇ ಗತಿ.

ವಿಷಯ ಇಷ್ಟೇ. ಕಲೆಯನ್ನು ಪಾಠದೊಳಗೆ ಬೆರೆಸಿ, ಮಕ್ಕಳು ಕೈಯಾರೆ ಮಾಡಿ ಕಲಿಯಲಿ ಎಂದು ನಮಗೆ ಸುತ್ತೋಲೆ ಬಂದಿದೆ. ಹೋದ ವರ್ಷವೂ ಬಂದಿತ್ತು. ಆಗ ಬಣ್ಣದ ಕಾಗದದಲ್ಲಿ ಹೂವು ಮಾಡಿ ಫೋಟೋ ಕಳಿಸಿದೆ, ಶಹಬ್ಬಾಸ್‌ಗಿರಿ ಸಿಕ್ಕಿತು. ಆ ಹೂವಿನೊಳಗೆ ಗಣಿತ ಎಲ್ಲಿ ಅಡಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಇಪ್ಪತ್ತಮೂರು ಮಕ್ಕಳೂ ಕುರಿ ಸಾಕುವ ಮನೆಯವರು. ಕಾಗದ ಅವರ ಕೈಗೆ ಸಿಕ್ಕರೆ ಹರಿಯುತ್ತದೆ, ಉಣ್ಣೆ ಸಿಕ್ಕರೆ ಮಾತು ಕೇಳುತ್ತದೆ. ಇದನ್ನು ಕಂಡುಹಿಡಿಯಲು ನನಗೆ ಆರು ವರ್ಷ ಬೇಕಾಯಿತು.

ಹಟ್ಟಿಯಲ್ಲಿ ಕಂಬಳಿ ನೇಯಲು ಬಲ್ಲವರು ಈಗ ಒಬ್ಬರೇ, ಚಿಕ್ಕತಿಮ್ಮಪ್ಪ. ಅವರ ಮಗ್ಗ ಒಂಬತ್ತು ವರ್ಷದಿಂದ ಅಟ್ಟದ ಮೇಲೆ ಇಲಿಗಳಿಗೆ ಬಾಡಿಗೆಗಿತ್ತು. ಶಾಲೆಗೆ ಕೊಡುತ್ತೀರಾ ಎಂದು ಕೇಳಿದೆ. ಅವರು ಬೀಡಿ ಆರಿಸಿ, "ತಗಂಡು ಹೋಗವ್ವ, ಬ್ಯಾಡ ಅಂದೋರ್ ಯಾರು? ಆದ್ರೆ ನೇಯೋನ ಕಾಲು ಎಲ್ಲಿಗ್ ಹೋಗ್ಬೇಕು? ಗುಂಡಿ ಐತಾ ನಿನ್ ಇಸ್ಕೂಲಾಗೆ?" ಎಂದರು. ನೇಯುವವನು ನೆಲದ ಮೇಲೆ ಕುಳಿತು, ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು ತುಳಿಯಬೇಕು. ಗುಂಡಿ ಇರಲಿಲ್ಲ. ಈಗ ಇದೆ. ಮಕ್ಕಳ ಅಪ್ಪಂದಿರು ನೆಲದ ನಾಲ್ಕು ಕಡಪಾ ಕಲ್ಲು ಎಬ್ಬಿಸಿ ಬೇವಿನ ಮರದಡಿ ಹಾಕಿದ್ದಾರೆ. ಅವುಗಳ ಮೇಲೆ ಕುಳಿತು ಊಟ ಮಾಡಲು ಈಗ ಮಕ್ಕಳಲ್ಲಿ ಜಗಳ.

ಅಂಗಳದಲ್ಲಿ ತೋಡಬಹುದಿತ್ತಲ್ಲ ಎನ್ನುತ್ತೀರಿ. ಬಿಸಿಲಿಗೆ ಎಳೆ ತುಂಡಾಗುತ್ತದೆ, ಮಳೆಗೆ ಗುಂಡಿ ಬಾವಿಯಾಗುತ್ತದೆ. ಆಶೀರ್ವಾದವಿರಲಿ.

ನಿಮ್ಮ
ಜಯಶೀಲಾ

*

ಹೊಸದುರ್ಗ
19 ಜುಲೈ 2025

ಚಿ. ಸೌ. ಜಯಶೀಲಾಗೆ ಆಶೀರ್ವಾದಗಳು.

ಗುಂಡಿಯ ಜನನವಾರ್ತೆ ತಲುಪಿತು. ನಾಮಕರಣಕ್ಕೆ ಕರೆಯಬೇಡ, ಬರುವುದಿಲ್ಲ.

ಮೂವತ್ತೆಂಟು ವರ್ಷ ಗಣಿತ ಹೇಳಿದೆ. ಒಂದು ದಿನವೂ ನೆಲ ಅಗೆಯಲಿಲ್ಲ. ನನ್ನ ಹತ್ತಿರ ಇದ್ದದ್ದು ಒಂದು ಬೆತ್ತ, ಒಂದು ಗಂಟಲು. ನಾನು ಹೇಳಬೇಕು, ನೀವು ನಲವತ್ತು ಜನ ಒಟ್ಟಿಗೆ ಹೇಳಬೇಕು, ಮಗ್ಗಿ ಕಿವಿಯೊಳಗೆ ಇಳಿದು ಮಿದುಳಿನಲ್ಲಿ ಮೊಳೆ ಹೊಡೆದುಕೊಂಡು ಕೂರಬೇಕು. ಮೂರನೇ ಬೆಂಚಿನಲ್ಲಿ ಒಬ್ಬರ ಸ್ವರ ತಪ್ಪಿದರೂ ನನಗೆ ನಿಂತಲ್ಲಿಂದಲೇ ಗೊತ್ತಾಗುತ್ತಿತ್ತು. ಆ ಸ್ವರ ಸಾಮಾನ್ಯವಾಗಿ ನಿನ್ನದೇ.

ಈಗ ಹೇಳು, ನಿನ್ನ ಮಕ್ಕಳಿಗೆ ಹದಿನಾರರ ಮಗ್ಗಿ ಬರುತ್ತದೆಯೋ ಇಲ್ಲವೋ? ಬರದಿದ್ದರೆ ಆ ಗುಂಡಿಯಲ್ಲಿ ಒಂದು ತೆಂಗಿನ ಸಸಿ ನೆಡು. ಕಾಯಿಯಾದರೂ ಸಿಗುತ್ತದೆ.

ಇಲ್ಲಿ ಎಲ್ಲರೂ ಕ್ಷೇಮ. ಮನೆಯಲ್ಲಿ ನನ್ನ ಜೊತೆ ಮಾತಾಡುವುದನ್ನು ನಿಧಾನಕ್ಕೆ ಬಿಡುತ್ತಿದ್ದಾರೆ. ಒಂದು ಮಾತನ್ನು ಮೂರು ಸಲ ಹೇಳಲು ಯಾರಿಗೆ ಪುರುಸೊತ್ತು? ಇರಲಿ.

ತಿಪ್ಪೇರುದ್ರಪ್ಪ
ನಿವೃತ್ತ ಮುಖ್ಯೋಪಾಧ್ಯಾಯ

*

ಕೆಂಗುರಿಹಟ್ಟಿ
11 ಆಗಸ್ಟ್ 2025

ಮೇಷ್ಟ್ರೇ,

ತೆಂಗಿನ ಸಸಿ ನೆಡುವುದಿಲ್ಲ. ಹದಿನಾರರ ಮಗ್ಗಿಯ ಸಮಾಚಾರ ಇಲ್ಲಿದೆ, ಕೂತು ಓದಿ.

ಕಂಬಳಿಗೆ ಮೊದಲು ಉದ್ದದ ಎಳೆಗಳನ್ನು ಹಾಸಬೇಕು. ಅದಕ್ಕೆ ಹಾಸು ಎನ್ನುತ್ತಾರೆ. ಅಂಗಳದಲ್ಲಿ ಗೂಟ ಹೊಡೆದು, ಉಣ್ಣೆಯ ಉಂಡೆ ಹಿಡಿದು, ಈ ತುದಿಯ ಗೂಟದಿಂದ ಆ ತುದಿಗೆ ನಡೆದು ಹೋಗಿ ತಿರುಗಿ ಬರಬೇಕು. ಹೋದರೆ ಒಂದೆಳೆ, ಬಂದರೆ ಒಂದೆಳೆ. ನಮ್ಮ ಕಂಬಳಿಗೆ ಮುನ್ನೂರ ಎಂಬತ್ತನಾಲ್ಕು ಎಳೆ ಬೇಕು. ಮೂರರಿಂದ ಐದನೇ ತರಗತಿಯವರೆಗೆ ನನ್ನಲ್ಲಿರುವುದು ಹನ್ನೆರಡು ಮಕ್ಕಳು. ಒಬ್ಬೊಬ್ಬರು ಎಷ್ಟು ಸಲ ಹೋಗಿಬರಬೇಕು ಎಂದು ಕೇಳಿ ನಾನು ಮರದಡಿ ಕೂತೆ. ಅರ್ಧ ಗಂಟೆ ಹಟ್ಟಿಯೆಲ್ಲ ಕೇಳುವಂತೆ ಜಗಳವಾಡಿದರು. ಕೊನೆಗೆ ಬಂದ ಉತ್ತರ ಹದಿನಾರು. ಮಗ್ಗಿ ಯಾರೂ ಹೇಳಿಕೊಡಲಿಲ್ಲ, ಕಾಲಲ್ಲಿ ನಡೆದು ತಂದರು.

ಇನ್ನೂ ಇದೆ. ನಡೆದು ಮುಗಿದ ಮೇಲೆ ಚಿಕ್ಕತಿಮ್ಮಪ್ಪ ಒಮ್ಮೆ ನೋಡಿ ಲೆಕ್ಕ ಸರಿ ಎಂದರು. ನಾಲ್ಕನೇ ತರಗತಿಯ ಸುಷ್ಮಿತಾ ಮಾತ್ರ ಒಪ್ಪಲಿಲ್ಲ. ಗುಣಾಕಾರ ಬಾರದವರು ಎಂದು ನಾನು ವರ್ಷದ ಆರಂಭದಲ್ಲಿ ಕಳಿಸಿದ ಪಟ್ಟಿಯಲ್ಲಿ ಮೊದಲ ಹೆಸರು ಅವಳದು. ಅವಳು ಕಣ್ಣು ಮುಚ್ಚಿ ಹಾಸಿನ ಮೇಲೆ ಬೆರಳಾಡಿಸಿ, "ತಾತ, ಎಲ್ಡ್ ಎಳೆ ಕಮ್ಮಿ ಐತೆ. ಕಿರಣ ನೀರ್ ಕುಡ್ಯಾಕ್ ಹೋದಾಗ ಒಂದ್ ಸುತ್ತು ತಪ್ಪ್ಯಾನೆ" ಎಂದಳು. ಎಣಿಸಿದೆವು. ಮುನ್ನೂರ ಎಂಬತ್ತೆರಡು. ಕಿರಣ್‌ಕುಮಾರ್ ಎಲ್ಲರೆದುರು ಒಂದು ಸುತ್ತು ನಡೆದು ಪ್ರಾಯಶ್ಚಿತ್ತ ಮಾಡಿಕೊಂಡ.

ಇನ್ನೊಂದು ಚೋದ್ಯ. ಮಗ್ಗದಲ್ಲಿ ಒಂಬತ್ತು ವರ್ಷದ ಹಿಂದಿನ ಹಾಸಿನ ತುದಿ ಗೇಣುದ್ದ ಹಾಗೇ ಉಳಿದಿತ್ತು. ಕಿತ್ತು ಬಿಸಾಡಲು ಹೋದೆ, ಚಿಕ್ಕತಿಮ್ಮಪ್ಪ ನನ್ನ ಕೈ ತಡೆದರು. ಅದನ್ನು ಕೀಳಬಾರದಂತೆ. ಹಳೆಯ ತುದಿಗೆ ಹೊಸ ಎಳೆಯನ್ನು ಒಂದೊಂದಾಗಿ ಗಂಟುಹಾಕಬೇಕಂತೆ, ಇಲ್ಲದಿದ್ದರೆ ಅಷ್ಟೂ ಎಳೆಯನ್ನು ಮಗ್ಗಕ್ಕೆ ಹೊಸದಾಗಿ ಪೋಣಿಸಲು ಎರಡು ದಿನ ಹಿಡಿಯುತ್ತದಂತೆ. ಮಕ್ಕಳು ಮುನ್ನೂರ ಎಂಬತ್ತನಾಲ್ಕು ಗಂಟು ಹಾಕಿದರು. ಬಿಸಿಯೂಟದ ನಾಗಕ್ಕ ಹುಣಸೆ ಬೀಜ ಹುರಿದು, ಅರೆದು, ಕುದಿಸಿ ಗಂಜಿ ಮಾಡಿಕೊಟ್ಟರು. ಎಳೆಗೆ ಅದನ್ನು ಬಳಿದರೆ ಗಟ್ಟಿಯಾಗುತ್ತದೆ.

ನಡುವೆ ಶಾಲೆಗೆ ಒಂದು ಚಿಕ್ಕ ಭೇಟಿಯೂ ನಡೆಯಿತು. ಹೇಳುವಂಥದ್ದೇನಿಲ್ಲ.

ಜಯಶೀಲಾ

*

ಹೊಸದುರ್ಗ
25 ಆಗಸ್ಟ್ 2025

ಚಿ. ಜಯಶೀಲಾಗೆ ಆಶೀರ್ವಾದ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಹದಿನಾರರದ್ದು ಒಪ್ಪಿದೆ. ಹೊಗಳಿಕೆ ಎಂದು ತಿಳಿಯಬೇಡ.

ಸುಮ್ಮನೆ ಕುತೂಹಲಕ್ಕೆ ಕೇಳುತ್ತೇನೆ. ಗುಂಡಿಯ ಉದ್ದ, ಅಗಲ, ಆಳ ಎಷ್ಟು? ಗೋಡೆಯಿಂದ ಎಷ್ಟು ದೂರ? ಕಲ್ಲು ಎಬ್ಬಿಸುವ ಮುಂಚೆ ಶಾಲಾ ಸಮಿತಿಯ ಠರಾವು ಆಗಿತ್ತೇ? ಮೇಲಿನವರಿಂದ ಬರಹದಲ್ಲಿ ಒಪ್ಪಿಗೆ ಇತ್ತೇ? ಮಕ್ಕಳ ಕೈಯಲ್ಲಿ ಒಂದು ನಕ್ಷೆ ಬರೆಸಿ ಕಳಿಸಿದರೆ ಸಂತೋಷ.

ವಯಸ್ಸಾದ ಮೇಲೆ ಇಂಥ ಚಿಕ್ಕಪುಟ್ಟದರಲ್ಲಿ ಆಸಕ್ತಿ ಹುಟ್ಟುತ್ತದೆ. ಬೇರೇನೂ ಇಲ್ಲ.

ತಿ.

*

ಕೆಂಗುರಿಹಟ್ಟಿ
2 ಸೆಪ್ಟೆಂಬರ್ 2025

ಮೇಷ್ಟ್ರೇ,

ಸಿಕ್ಕಿಬಿದ್ದಿರಿ. ಮಗ್ಗದ ಹುಚ್ಚು ನಿಮಗೂ ಹತ್ತಿತು. ಬೆತ್ತ ಬಿಟ್ಟು ಲಾಳಿ ಹಿಡಿಯುವ ಯೋಚನೆಯಿದ್ದರೆ ನಿಮ್ಮ ಹಿತ್ತಿಲಲ್ಲೂ ಒಂದು ತೋಡಿಸೋಣ.

ನಕ್ಷೆ ಲಗತ್ತಿಸಿದ್ದೇನೆ. ಸುಷ್ಮಿತಾ ಮತ್ತು ಕಿರಣ್‌ಕುಮಾರ್ ಸ್ಕೇಲು ಹಿಡಿದು ಬರೆದದ್ದು. ಎರಡೂವರೆ ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳ. ಮೂಲೆಯಲ್ಲಿ ಕಾಣುವ ಚುಕ್ಕಿ ಗುಂಡಿಯೊಳಗೆ ಬಿಡಾರ ಹೂಡಿರುವ ಕಪ್ಪೆ. ಅದು ಅಳತೆಯಲ್ಲಿ ಸೇರಿಲ್ಲ.

ಠರಾವು ಆಯಿತು, ಗುಂಡಿ ತೋಡಿ ಎರಡು ದಿನಕ್ಕೆ. ಅಗೆಯುವವರೆಲ್ಲ ಸಮಿತಿಯ ಸದಸ್ಯರೇ ಆದ್ದರಿಂದ ಕೈಯಲ್ಲಿ ಹಾರೆ ಹಿಡಿದವರನ್ನು ನಿಲ್ಲಿಸಿ ಪೆನ್ನು ಕೊಡುವುದು ಸರಿಯೆನಿಸಲಿಲ್ಲ. ಮೇಲಿನವರ ಒಪ್ಪಿಗೆ ಕೇಳಲಿಲ್ಲ. ಕೇಳಿದ್ದರೆ ಈ ಮಕ್ಕಳು ಹೈಸ್ಕೂಲು ಮುಗಿಸುವ ಹೊತ್ತಿಗೆ ಉತ್ತರ ಬರುತ್ತಿತ್ತು. ಕೈಯಾರೆ ಕಲಿಸಿ ಎಂದವರು ಅವರೇ. ಕಾಲು ಎಲ್ಲಿಡಬೇಕೆಂದು ಹೇಳಿರಲಿಲ್ಲ, ನಾನು ಹುಡುಕಿಕೊಂಡೆ.

ಕಂಬಳಿ ಒಂದು ಮೊಳ ಬೆಳೆದಿದೆ. ಅಂಚಿನಲ್ಲಿ ಕಪ್ಪು ಬಿಳಿ ಪಟ್ಟೆ ಎಷ್ಟು ಎಳೆಗೊಂದು ಬರಬೇಕೆಂದು ಮಕ್ಕಳೇ ಬರೆದು ನಿಶ್ಚಯಿಸಿದ್ದಾರೆ. ಇಲ್ಲಿ ಎಲ್ಲ ಸುಸೂತ್ರ.

ನಿಮ್ಮ
ಜಯಶೀಲಾ

*

ಕೆಂಗುರಿಹಟ್ಟಿ
16 ಸೆಪ್ಟೆಂಬರ್ 2025

ಮಾನ್ಯ ವರದಿದಾರರಿಗೆ,

ಇಂದು ಕಚೇರಿಯಿಂದ ನನಗೊಂದು ಲಕೋಟೆ ಬಂತು. ಅದರ ಮೂರನೇ ಲಗತ್ತು ನನ್ನ ಮಕ್ಕಳು ಬರೆದ ನಕ್ಷೆ. ಕಪ್ಪೆಗೂ ಮೊಹರು ಬಿದ್ದಿದೆ. ಬೇರೆ ತಾಲ್ಲೂಕಿನ ನಿವೃತ್ತ ಮುಖ್ಯೋಪಾಧ್ಯಾಯರಾದ ಶ್ರೀ ತಿಪ್ಪೇರುದ್ರಪ್ಪನವರು ಈ ಪ್ರಕರಣದಲ್ಲಿ ವರದಿದಾರರಂತೆ. ಸದರಿ ಮಾಹಿತಿಯನ್ನು ಅವರು ಸಂಗ್ರಹಿಸಿದ್ದಂತೆ. ನವೆಂಬರ್ ಆರಕ್ಕೆ ಸ್ಥಳ ಪರಿಶೀಲನೆಗೆ ಬರುತ್ತಾರಂತೆ.

ನಾನು ಮೇಷ್ಟ್ರಿಗೆ ಬರೆಯುತ್ತಿದ್ದೇನೆಂದುಕೊಂಡು ಕಚೇರಿಗೆ ಬರೆಯುತ್ತಿದ್ದೆ.

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ, ಒಪ್ಪುತ್ತೇನೆ. ನಿಮಗೆ ಚಿಂತೆಯಾಗಬಾರದೆಂದು ಮುಚ್ಚಿಟ್ಟೆ. ನೀವು ಯಾಕೆ ಮುಚ್ಚಿಟ್ಟಿರೋ ನಿಮಗೆ ಗೊತ್ತು. ಆಗಸ್ಟ್ ಆರರಂದು ತಪಾಸಣೆಗೆ ಒಬ್ಬ ಸಾಹೇಬರು ಬಂದಿದ್ದರು. ಅಡುಗೆಮನೆಯಲ್ಲಿ ಪಾತ್ರೆ ತುಂಬ ಬೆಚ್ಚಗಿನ ಕಂದು ಗಂಜಿ ಕಂಡರು. ಮಕ್ಕಳಿಗೆ ಕೊಡುವ ರಾಗಿ ಮಾಲ್ಟ್ ಎಂದುಕೊಂಡು, ಗುಣಮಟ್ಟ ನೋಡಬೇಕೆಂದು ಲೋಟ ಕೇಳಿದರು. ನಾಗಕ್ಕ ಏನೋ ಹೇಳಲು ಬಾಯಿ ತೆರೆದರೆ, "ತಪಾಸಣೆ ನಡೀತಿರೋವಾಗ ಮಧ್ಯ ಬಾಯಿ ಹಾಕ್ಬೇಡಮ್ಮ" ಎಂದರು. ನಾಗಕ್ಕ ಲೋಟ ತುಂಬಿ ಕೊಟ್ಟರು. ಸಾಹೇಬರು ಒಂದು ಲೋಟ ಪೂರ್ತಿ ಕುಡಿದು ಸಂದರ್ಶಕರ ಪುಸ್ತಕದಲ್ಲಿ, ಮಾಲ್ಟಿನ ಗುಣಮಟ್ಟ ಉತ್ತಮ, ಸಕ್ಕರೆ ಸ್ವಲ್ಪ ಕಡಿಮೆ ಎಂದು ಬರೆದು ಸಹಿ ಹಾಕಿದರು. ಆಮೇಲೆ ಕೋಣೆಗೆ ಬಂದು, ಮಕ್ಕಳೆಲ್ಲ ಒಂದೇ ಫೋಟೋದಲ್ಲಿ ಬರಲೆಂದು ಫೋನ್ ಹಿಡಿದು ಹಿಂದೆ ಹಿಂದೆ ಹೆಜ್ಜೆಯಿಟ್ಟರು. ನಾನು ಕೂಗುವಷ್ಟರಲ್ಲಿ ಬಲಗಾಲು ಗುಂಡಿಯೊಳಗಿತ್ತು. ಮೊಣಕಾಲು ತರಚಿತು. ಅದು ನನ್ನ ತಪ್ಪು. ಮಗ್ಗ ಖಾಲಿಯಿದ್ದಾಗ ಮುಚ್ಚಲು ಹಲಗೆ ಇಡಬೇಕಿತ್ತು. ಮರುದಿನವೇ ಮಾಡಿಸಿದೆ.

ನೋಟೀಸಿನಲ್ಲಿ ಗಂಜಿಯ ಸುದ್ದಿಯಿಲ್ಲ, ಗುಂಡಿಯ ಸುದ್ದಿಯಷ್ಟೇ ಇದೆ. ಗುಂಡಿ ಮುಚ್ಚಿ, ಮಗ್ಗ ಹೊರಹಾಕಿ, ನೆಲ ಮೊದಲಿನಂತೆ ಮಾಡತಕ್ಕದ್ದು ಎಂದಿದೆ.

ಮುಚ್ಚುವುದಿಲ್ಲ. ಬರವಣಿಗೆಯಲ್ಲೇ ಕೊಡುತ್ತಿದ್ದೇನೆ, ನಾಲ್ಕನೇ ಲಗತ್ತು ಮಾಡಿಕೊಳ್ಳಿ. ಕಾಗದದ ಹೂವು ಮಾಡಿ ಶಹಬ್ಬಾಸ್‌ಗಿರಿ ಪಡೆಯುವ ಕೆಲಸ ಇನ್ನು ನನ್ನಿಂದ ಆಗದು. ಇನ್ನೊಂದು ಅಪರಾಧವನ್ನೂ ಬರೆದುಕೊಳ್ಳಿ. ಗುಣಾಕಾರ ಬಾರದವರ ಪಟ್ಟಿಯ ನನ್ನ ಪ್ರತಿಯಲ್ಲಿ ಸುಷ್ಮಿತಾಳ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೇನೆ. ಅದಕ್ಕೂ ಮೇಲಿನವರ ಒಪ್ಪಿಗೆ ಪಡೆದಿಲ್ಲ.

ತಮ್ಮ ವಿಶ್ವಾಸಿ (ಇದು ಅರ್ಜಿಯ ಪದ್ಧತಿ, ನಿಜವೆಂದು ತಿಳಿಯಬೇಡಿ)
ಜಯಶೀಲಾ, ಸಹ ಶಿಕ್ಷಕಿ

*

ಕೆಂಗುರಿಹಟ್ಟಿ
24 ಅಕ್ಟೋಬರ್ 2025
(ಅಂಚೆ ಕಾರ್ಡು)

ಮಾನ್ಯರೇ, ಐದು ವಾರವಾಯಿತು, ದಸರಾ ದೀಪಾವಳಿ ಎರಡೂ ಹೋದವು. ತಮ್ಮಿಂದ ಒಂದು ಸಾಲಿಲ್ಲ. ತಮ್ಮ ಮೌನವನ್ನು ಕಡತಕ್ಕೆ ಸೇರಿಸಿದ್ದೇನೆ. ಗುಂಡಿ ಇದ್ದಲ್ಲೇ ಇದೆ. ಕಪ್ಪೆ ಮಾತ್ರ ಸ್ವಂತ ಇಚ್ಛೆಯಿಂದ ವರ್ಗಾವಣೆ ತೆಗೆದುಕೊಂಡಿದೆ. ಜ.

*

ಹೊಸದುರ್ಗ
10 ನವೆಂಬರ್ 2025

ಜಯಶೀಲಾ,

ಮೊನ್ನೆ ನಿನ್ನ ಶಾಲೆಯಲ್ಲಿ ಎರಡು ಗಂಟೆ ಇದ್ದೆ. ನೀನು ನನ್ನನ್ನು ಸಾರ್ ಎಂದೆ, ಮೇಷ್ಟ್ರೇ ಎನ್ನಲಿಲ್ಲ. ಕೇಳಿಸಲಿಲ್ಲ, ತುಟಿ ನೋಡಿ ತಿಳಿಯಿತು. ಟೀ ಕೂಡ ಕೊಡಲಿಲ್ಲ. ಅದು ಒಳ್ಳೆಯದೇ ಆಯಿತು. ಆ ಅಡುಗೆಮನೆಯಿಂದ ಬರುವ ಕಂದು ಬಣ್ಣದ ಯಾವ ಲೋಟವನ್ನೂ ಮುಟ್ಟಬಾರದೆಂದು ಮನೆಯಿಂದಲೇ ನಿರ್ಧರಿಸಿಕೊಂಡು ಬಂದಿದ್ದೆ.

ಯಾಕೆ ಒಪ್ಪಿಕೊಂಡೆ ಎಂದು ನೀನು ಕೇಳಲಿಲ್ಲ. ಹೇಳುತ್ತೇನೆ. ಕಿವಿ ಹೋದವನನ್ನು ಯಾರೂ ಏನನ್ನೂ ಕೇಳುವುದಿಲ್ಲ. ಮನೆಯಲ್ಲಿ ಅಡುಗೆ ಏನು ಮಾಡಲಿ ಎಂದೂ ಕೇಳುವುದಿಲ್ಲ. ಒಂದು ದಿನ ಕಚೇರಿಯ ಕಾಗದ ಬಂತು. ತಮ್ಮ ಅಮೂಲ್ಯ ಅಭಿಪ್ರಾಯ ಬೇಕು ಎಂದಿತ್ತು. ಆ ಎರಡು ಪದ ಓದಿ ಹಿಗ್ಗಿದೆ. ಯಾವ ಶಾಲೆಯೆಂದು ನೋಡುವ ಮೊದಲೇ ಒಪ್ಪಿಗೆ ಬರೆದು ಅಂಚೆಗೆ ಹಾಕಿದ್ದೆ. ನಿನಗೆ ಹೇಳಿದ್ದರೆ ನೀನು ಪತ್ರ ಬರೆಯುವುದನ್ನು ಬಿಡುತ್ತಿದ್ದೆ. ತಿಂಗಳೆಲ್ಲ ನಾನು ಕಾಯುವುದು ಅದೊಂದನ್ನೇ. ಅದಕ್ಕೇ ಹೇಳಲಿಲ್ಲ. ಹೇಳದಿದ್ದರೂ ಕೊನೆಗೆ ನನಗೆ ಸಿಕ್ಕಿದ್ದು ಒಂದು ಕಾರ್ಡು, ಅದು ಬೇರೆ ಮಾತು.

ನೀನು ಬೀರುವಿನ ಕೀಲಿ ಹುಡುಕುತ್ತ ಕಾಲು ಗಂಟೆ ಹೊರಗಿದ್ದೆಯಲ್ಲ, ಆಗ ನಾನು ಮಕ್ಕಳಿಗೆ ಮಗ್ಗಿ ಹೇಳಿ ಎಂದೆ. ಹೇಳಿದರು. ಬಾಯಿ ಆಡುವುದು ಕಾಣುತ್ತದೆ, ಸ್ವರವಿಲ್ಲ. ಮೂವತ್ತೆಂಟು ವರ್ಷ ಕಿವಿಯಿಂದ ಕಲಿಸಿದವನು, ಹನ್ನೆರಡು ಮಕ್ಕಳಲ್ಲಿ ಯಾರು ತಪ್ಪಿದರೆಂದು ಗೊತ್ತಾಗದೆ ಸುಮ್ಮನೆ ತಲೆಯಾಡಿಸಿದೆ. ಸುಷ್ಮಿತಾ ನನ್ನ ಮುಖ ನೋಡಿದಳು. ಮಕ್ಕಳಿಗೆ ಮೋಸ ಗೊತ್ತಾಗುತ್ತದೆ. ಕೈ ಹಿಡಿದು ಎಳೆದು ಮಗ್ಗದ ಮುಂದೆ ಕೂರಿಸಿದಳು. ಎಪ್ಪತ್ತೊಂದು ವರ್ಷದ ಕಾಲು ಎರಡನ್ನೂ ಗುಂಡಿಯೊಳಗೆ ಇಳಿಬಿಟ್ಟೆ. ನನ್ನ ಬೆರಳನ್ನು ಎಳೆಗಳ ಮೇಲೆ ಇಟ್ಟು, ಹದಿನಾರು ಎಳೆ ಆದಾಗಲೆಲ್ಲ ಒಮ್ಮೆ ಒತ್ತಿದಳು. ಹದಿನಾರು. ಮೂವತ್ತೆರಡು. ನಲವತ್ತೆಂಟು. ಎರಡು ವರ್ಷದ ಮೇಲೆ ಮೊದಲ ಸಲ ಒಬ್ಬ ವಿದ್ಯಾರ್ಥಿ ಮಗ್ಗಿ ಒಪ್ಪಿಸಿದ್ದು ನನಗೆ ಗೊತ್ತಾಯಿತು. ಕಿರಣ್‌ಕುಮಾರನೂ ಒಪ್ಪಿಸಿದ, ಎಂಬತ್ತರ ಹತ್ತಿರ ಒಂದೆಳೆ ಹಾರಿಸಿದ. ಹಿಡಿದೆ.

ಆಮೇಲೆ ಆ ಹುಡುಗಿಯನ್ನು ಒಂದು ಪ್ರಶ್ನೆ ಕೇಳಿದೆ. ಅವಳು ಸ್ಲೇಟಿನ ಮೇಲೆ ಉತ್ತರ ಬರೆದು ತೋರಿಸಿ ಅಳಿಸಿದಳು. ಅದು ನನಗೂ ಸ್ಲೇಟಿಗೂ ಬಿಟ್ಟ ವಿಷಯ.

ವರದಿ ಕಳಿಸಿದ್ದೇನೆ. ನಿನ್ನಿಂದ ಮುಚ್ಚಿಡುವುದು ಸಾಕು, ಅದರ ಕೊನೆಯ ಸಾಲನ್ನು ಇಲ್ಲಿ ಬರೆಯುತ್ತೇನೆ: "ಸರ್ಕಾರಿ ಕಟ್ಟಡದ ನೆಲ ಅನುಮತಿಯಿಲ್ಲದೆ ಅಗೆದಿರುವುದು ನಿಜ. ಆದ್ದರಿಂದ ಮಗ್ಗದ ಮೇಲಿರುವ ಕಂಬಳಿ ಪೂರ್ತಿ ನೇಯ್ದು ಮುಗಿದು, ಮಗ್ಗದಲ್ಲಿ ಒಂದೆಳೆಯೂ ಉಳಿಯದಂತಾದ ಕೂಡಲೇ ಗುಂಡಿಯನ್ನು ಮುಚ್ಚತಕ್ಕದ್ದು. ಅಲ್ಲಿಯವರೆಗೆ ಯಾರೂ ಅದನ್ನು ಮುಟ್ಟತಕ್ಕದ್ದಲ್ಲ."

ನಿನಗೆ ಕೋಪ ಬರುತ್ತದೆ. ಬಂದಾಗ ಸುಷ್ಮಿತಾಳನ್ನು ಕೇಳು.

ತಿಪ್ಪೇರುದ್ರಪ್ಪ

*

ಕೆಂಗುರಿಹಟ್ಟಿ
1 ಡಿಸೆಂಬರ್ 2025

ಮೇಷ್ಟ್ರೇ,

ನಿಮ್ಮ ಪತ್ರದ ಕೊನೆಯ ಸಾಲು ಓದಿ ನನಗೆ ಬಂದ ಕೋಪವನ್ನು ಮೂರು ಹಾಳೆಯಲ್ಲಿ ಬರೆದಿದ್ದೆ. ಅದರಲ್ಲಿ ನಿಮ್ಮ ಬೆತ್ತ, ನಿಮ್ಮ ಪಿಂಚಣಿ, ನಿಮ್ಮ ಕುಲಗುರು ಯಾರನ್ನೂ ಬಿಟ್ಟಿರಲಿಲ್ಲ. ಅಷ್ಟರಲ್ಲಿ ಕಚೇರಿಯ ಆದೇಶವೂ ಬಂತು. ನಿಮ್ಮ ಸಾಲನ್ನೇ ಅಕ್ಷರ ಬಿಡದೆ ಇಳಿಸಿ, ಸಾಹೇಬರು ಸಂತೋಷದಿಂದ ಸಹಿ ಹಾಕಿದ್ದಾರೆ. ಕಂಬಳಿ ಮುಗಿಯಲು ಇದ್ದದ್ದು ಇನ್ನೊಂದು ಗೇಣು. ಚಿಕ್ಕತಿಮ್ಮಪ್ಪ ಮುಖ ಒರೆಸಿಕೊಳ್ಳುತ್ತ, ನಿಧಾನಕ್ಕೆ ನೇಯ್ದರೆ ನಾಲ್ಕು ದಿನ ಎಳೆಯಬಹುದು ಎಂದರು.

ನೀವು ಹೇಳಿದಂತೆ ಸುಷ್ಮಿತಾಳನ್ನು ಕರೆದು ಆದೇಶ ಓದಿ ಹೇಳಿದೆ. ಅವಳು ನನ್ನನ್ನು, ಗುಣಾಕಾರ ಬಾರದವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಎಂಬಂತೆ ನೋಡಿದಳು.

"ಮಿಸ್, ಅದು ಮುಗಿಯಾದೆಲ್ಲಿ? ಹಳೇ ತುದಿಗೆ ಹೊಸ ಎಳೆ ಗಂಟ್ ಹಾಕ್ತೀವಲ್ಲ. ಆ ಸಾರ್‌ಗೂ ಸ್ಲೇಟ್ ಮ್ಯಾಲೆ ಇದೇ ಬರ್ದು ತೋರ್ಸಿದ್ದೆ."

ಮೂರು ಹಾಳೆಯನ್ನೂ ನಾಗಕ್ಕನ ಒಲೆಗೆ ಕೊಟ್ಟೆ.

ಮೊನ್ನೆ ಮೊದಲ ಕಂಬಳಿ ಕತ್ತರಿಸಿ ತೆಗೆದೆವು. ಹಾಸಿನ ತುದಿ ಗೇಣುದ್ದ ಮಗ್ಗದಲ್ಲೇ ಬಿಟ್ಟೆವು, ಮುನ್ನೂರ ಎಂಬತ್ತನಾಲ್ಕು ಎಳೆ, ಒಂದೂ ಕಡಿಮೆಯಿಲ್ಲ. ಇವತ್ತು ಬೆಳಿಗ್ಗೆ ಅಂಗಳದಲ್ಲಿ ಮತ್ತೆ ಗೂಟ ಹೊಡೆದಿದ್ದೇವೆ. ಒಂಬತ್ತು ವರ್ಷದ ಹಿಂದಿನ ಎಳೆಗೆ ಜುಲೈನ ಎಳೆ, ಅದಕ್ಕೆ ಡಿಸೆಂಬರಿನ ಎಳೆ. ಈ ಲೆಕ್ಕದಲ್ಲಿ ಮಗ್ಗದಲ್ಲಿ ಒಂದೆಳೆಯೂ ಉಳಿಯದ ದಿನ ಯಾವಾಗ ಬರುತ್ತದೆಂದು ಐದನೇ ತರಗತಿಯವರಿಗೆ ಮನೆಗೆಲಸ ಕೊಟ್ಟಿದ್ದೇನೆ. ಕಿರಣ್‌ಕುಮಾರ್ ಉತ್ತರದ ಜಾಗದಲ್ಲಿ ಗಂಟಿನ ಚಿತ್ರ ಬರೆದು ತಂದ. ಪೂರ್ಣಾಂಕ ಕೊಟ್ಟೆ.

ಕಚೇರಿಯಿಂದ ಶುಕ್ರವಾರ ಫೋನ್ ಬಂದಿತ್ತು, ಮುಗಿಯಿತಾ ಎಂದು ಕೇಳಲು. "ಇನ್ನೂ ಐತೆ ಸಾರ್" ಎಂದೆ. ಮುಂದಿನ ಶುಕ್ರವಾರವೂ ಅದನ್ನೇ ಹೇಳುವವಳು. ನಾನು ಇಲ್ಲದ ದಿನ ಫೋನ್ ಬಂದರೆ ನಾಗಕ್ಕ ಹೇಳುತ್ತಾರೆ. ನಮ್ಮೆಲ್ಲರನ್ನೂ ವರ್ಗ ಮಾಡಿದರೂ ಚಿಂತೆಯಿಲ್ಲ, ಆದೇಶವನ್ನೇ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ, ಅದೇ ಹೇಳುತ್ತದೆ: ಅಲ್ಲಿಯವರೆಗೆ ಯಾರೂ ಮುಟ್ಟತಕ್ಕದ್ದಲ್ಲ.

ಮೊದಲ ಕಂಬಳಿ ಯಾರಿಗೆ ಎಂದು ಮಕ್ಕಳು ಓಟು ಹಾಕಿದರು. ಗೆದ್ದವರು ಹೊಸದುರ್ಗದವರು. ಹೊದ್ದುಕೊಳ್ಳಲು ಕೊಟ್ಟದ್ದಲ್ಲ, ಬೆರಳಾಡಿಸಿ ಎಣಿಸಲು ಕೊಟ್ಟದ್ದು. ಎಲ್ಲೋ ಒಂದು ಕಡೆ ಪಟ್ಟೆಯಲ್ಲಿ ತಪ್ಪಿದೆಯಂತೆ, ಹುಡುಕಿ ಯಾರದೆಂದು ಹೇಳಬೇಕಂತೆ. ಅಂಚೆಯಲ್ಲಿ ಕಳಿಸುವುದಿಲ್ಲ. ನೀವೇ ಬಂದು ತೆಗೆದುಕೊಂಡು ಹೋಗಿ. ಈ ಸಲ ಟೀ ಕೊಡುತ್ತೇನೆ, ಮೊದಲು ನಾನೇ ಕುಡಿದು ತೋರಿಸುತ್ತೇನೆ.

ಬರುವಾಗ ಒಂದು ಸಣ್ಣ ಉಪಕಾರವಾಗಬೇಕು. ನಿಮ್ಮ ಓಣಿಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಎಸೆಯುತ್ತಾರಲ್ಲ, ಅದರಲ್ಲಿ ಎರಡು ಸೇರು ಆರಿಸಿ ಚೀಲದಲ್ಲಿ ಕಟ್ಟಿ ತನ್ನಿ. ಚೀಲದ ಮೇಲೆ ನಿಮ್ಮ ದುಂಡು ಅಕ್ಷರದಲ್ಲಿ, ದೂರದಿಂದಲೂ ಕಾಣುವ ಹಾಗೆ, "ಇದು ಕುಡಿಯುವುದಲ್ಲ" ಎಂದು ಬರೆದಿರಿ.

ನಿಮ್ಮ
ಜಯಶೀಲಾ